ಗಾಳಿ ಬರೋ ಕಡೆ

ಕೊನೆಯ ತಿರುವಿನಲ್ಲಿ ಪರದೆ ಕಪ್ಪಾಯಿತು.

ಸಾಸಿವೆಯ ಕೆಂಪು ಕಾರು ಎಲ್ಲರಿಗಿಂತ ಮುಂದಿತ್ತು. ಸೇತುವೆ ದಾಟಿ ಎಡಕ್ಕೆ ತಿರುಗಿದ್ದರೆ ಗೆಲುವಿನ ಗೆರೆ. ಅವಳ ಬೆರಳು ಇನ್ನೂ ಬಟನ್ ಮೇಲೆಯೇ ಇತ್ತು. ಆದರೆ ಕಾರೂ ಇರಲಿಲ್ಲ, ಸೇತುವೆಯೂ ಇರಲಿಲ್ಲ. ಕಪ್ಪು ಗಾಜಿನಲ್ಲಿ ಬಾಯಿ ತೆರೆದುಕೊಂಡ ಅವಳದೇ ಮುಖವಿತ್ತು.

ಮೇಲಿನ ಮನೆಯಿಂದ ಮೆಟ್ಟಿಲ ಮೇಲೆ ಧಡಧಡ ಸದ್ದು ಕೇಳಿತು. ಗೂಬೆ ಬಂದ. ಅವನು ಅವಳ ಕ್ಲಾಸಿನವನು, ಆಟದಲ್ಲಿ ಅವಳ ಜೊತೆಗಾರ. ಕನ್ನಡಕ ಎಷ್ಟು ದುಂಡಗಿದೆಯೆಂದರೆ ಬೇರೆ ಹೆಸರು ಇಡಲು ಯಾರಿಗೂ ಮನಸ್ಸಾಗಿರಲಿಲ್ಲ.

"ಮತ್ತೆ ಆಫ್ ಮಾಡಿದ್ಯಾ?"

"ನಾನೆಲ್ಲಿ ಮಾಡ್ದೆ? ಅದೇ ಆಯ್ತು. ಬಿಸಿ ಜಾಸ್ತಿಯಾದ್ರೆ ಅದೇ ಆಫ್ ಆಗುತ್ತೆ."

"ಇವತ್ತು ಬರೀ ಪ್ರಾಕ್ಟೀಸು, ಬಚಾವಾದ್ವಿ. ಭಾನುವಾರ ಫೈನಲ್‌ನಲ್ಲಿ ಹೀಗಾದ್ರೆ?" ಗೂಬೆ ಕನ್ನಡಕ ಒರೆಸಿಕೊಂಡ. ಹೇಳಲಾರದ್ದನ್ನು ಹೇಳುವಾಗ ಅವನು ಹಾಗೆ ಮಾಡುತ್ತಿದ್ದ. "ಬಿ ಸೆಕ್ಷನ್ ಜಡೆ ಇದಾಳಲ್ಲ, ಅವಳು ನನ್ನ ಜೊತೆ ಆಡ್ತೀನಿ ಅಂದಿದಾಳೆ. ಅವಳ ಕಂಪ್ಯೂಟರ್ ಆಫ್ ಆಗಲ್ವಂತೆ."

ಸಾಸಿವೆಗೆ ಚುರ್ ಎಂದಿತು. ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಎನ್ನುತ್ತಾಳೆಂದೇ ಮನೆಯಲ್ಲಿ ಆ ಹೆಸರು ಇಟ್ಟಿದ್ದರು. ಈ ಸಲ ಅವಳು ಕಂಪ್ಯೂಟರಿನ ಡಬ್ಬದ ಮೇಲೆ ಕೈಯಿಟ್ಟು ಬಿಸಿ ನೋಡಿದಳು.

ಅಂದು ಊಟಕ್ಕೆ ಕೂತಾಗ ಅವಳು ಸುಮ್ಮನಿರಲಿಲ್ಲ. ಈ ವರ್ಷ ಕಂಪ್ಯೂಟರಿಗೆ ಹೊಸ ಸಾಮಾನು ಕೊಡಿಸುತ್ತೇನೆಂದು ಅಪ್ಪ ಮೊದಲೇ ಮಾತು ಕೊಟ್ಟಿದ್ದರು. ಒಂದೇ ಸಲ ಅಂಗಡಿಗೆ, ಆಮೇಲೆ ಕೇಳುವ ಹಾಗಿಲ್ಲ. ಅಣ್ಣನ ಆಸೆ ಗ್ರಾಫಿಕ್ಸ್ ಕಾರ್ಡಿನ ಮೇಲೆ.

"ಹೊಸ ಕಾರ್ಡ್ ಹಾಕಿದ್ರೆ ಹೇಗಿರುತ್ತೆ ಗೊತ್ತಾ? ಸೇತುವೆ ಕೆಳಗೆ ನೀರಲ್ಲಿ ಕಾರಿನ ನೆರಳು ಕಾಣುತ್ತೆ. ಅಲೆ ಬಂದ್ರೆ ನೆರಳೂ ಅಲುಗಾಡುತ್ತೆ."

"ಕಂಪ್ಯೂಟರೇ ಆಫ್ ಆದ್ಮೇಲೆ ನೆರಳು ಯಾವುದರಲ್ಲಿ ನೋಡ್ತೀಯ? ಸಾಂಬಾರಲ್ಲಾ?"

ಅಪ್ಪ ನಕ್ಕು ಕೆಮ್ಮಿದರು. ಸಾಸಿವೆ ಬಿಡಲಿಲ್ಲ. "ಹೊಸ ಕಾರ್ಡ್ ಇನ್ನೂ ಬಿಸಿ ಮಾಡುತ್ತೆ. ಮೊದ್ಲು ತಣ್ಣಗೆ ಮಾಡ್ಬೇಕು. ಒಳಗಿನ ಚಿಪ್ ಮೇಲೆ ಕೂರಿಸೋಕೆ ಒಂದು ಒಳ್ಳೆ ಕೂಲರ್ರು, ಮುಂದೊಂದು ಹಿಂದೊಂದು ಫ್ಯಾನು. ಹಾಗೆ ಮಾಡಿದ್ರೆ ಆಫ್ ಆಗಲ್ಲ. ನಾನು ಹೇಳ್ತೀನಿ ನೋಡಿ."

"ಆಫ್ ಆದ್ರೆ?" ಎಂದ ಅಣ್ಣ.

"ಆಗಲ್ಲ."

ಅಪ್ಪ ಅವಳನ್ನು ನೋಡಿದರು, ಅಣ್ಣನನ್ನು ನೋಡಿದರು. "ಈ ಸಲ ಸಾಸಿವೆ ಮಾತೇ ಆಗ್ಲಿ" ಎಂದರು. ಅಣ್ಣ ತಟ್ಟೆ ಎತ್ತಿಕೊಂಡು ಎದ್ದು ಹೋದ. ಸಾಸಿವೆಗೆ ಖುಷಿಗೆ ಹೊಟ್ಟೆಯೇ ತುಂಬಿಹೋಯಿತು. ಜೊತೆಗೆ ಸಣ್ಣ ಭಯವೂ ಬಂದು ಪಕ್ಕದಲ್ಲಿ ಕೂತಿತು.

ಶನಿವಾರ ಅಂಗಡಿಯ ಬಾಗಿಲು ತಳ್ಳಿದ್ದೇ ಅಣ್ಣನ ಮುನಿಸು ಅರ್ಧ ಇಳಿಯಿತು. ಗೋಡೆಯ ತುಂಬ ಫ್ಯಾನುಗಳು ತಿರುಗುತ್ತಿದ್ದವು. ನೀಲಿ, ನೇರಳೆ, ಹಸಿರು ಬೆಳಕು ಒಂದರ ಬಾಲ ಒಂದು ಹಿಡಿದುಕೊಂಡು ಓಡುತ್ತಿತ್ತು. ಒಂದು ಗಾಜಿನ ಡಬ್ಬದೊಳಗೆ ಕೊಳವೆಗಳಲ್ಲಿ ಗುಲಾಬಿ ಬಣ್ಣದ ನೀರು ಹರಿಯುತ್ತಿತ್ತು.

"ಕಂಪ್ಯೂಟರೊಳಗೆ ನೀರಾ?" ಎಂದಳು ಸಾಸಿವೆ.

"ಸೋರದಿದ್ರೆ ನೀರು, ಸೋರಿದ್ರೆ ಕಣ್ಣೀರು" ಎಂದಳು ಅಂಗಡಿಯ ಅಕ್ಕ. "ನಿಮ್ಮ ಕಂಪ್ಯೂಟರಿಗೆ ಗಾಳಿನೇ ಸಾಕು. ಯಾವ ಕೂಲರ್ ಕೊಡ್ಲಿ?"

"ಅದು" ಎಂದ ಅಣ್ಣ. ಅವನು ತೋರಿಸಿದ್ದು ಎರಡು ಗೋಪುರದಂಥ, ಮೇಲೆಲ್ಲ ಬೆಳಕಿನ ಬಳೆ ತೊಟ್ಟ ಕೂಲರ್.

ಸಾಸಿವೆ ಜೇಬಿನಿಂದ ಅಮ್ಮನ ಅಳತೆ ಟೇಪ್ ತೆಗೆದಳು. ಅವರ ಅಮ್ಮ ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಾಳೆ. ಅಳೆಯದೆ ಕತ್ತರಿ ಹಾಕಿದರೆ ಆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಸಾಸಿವೆ ಬೆಳಿಗ್ಗೆಯೇ ಡಬ್ಬದೊಳಗಿನ ಜಾಗ ಅಳೆದು ಟೇಪಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದಿದ್ದಳು. ಎರಡು ಗೋಪುರದ ಕೂಲರ್ ಆ ಗೆರೆಯನ್ನು ದಾಟಿ ನಿಂತಿತು.

"ಡಬ್ಬದ ಬಾಗಿಲು ಮುಚ್ಚಲ್ಲ" ಎಂದಳು.

"ಬಾಗಿಲು ತೆಗ್ದೇ ಇಟ್ರಾಯ್ತು."

"ಆಮೇಲೆ ಅಮ್ಮನ ನೂಲೆಲ್ಲ ಒಳಗೆ ಹೋಗ್ಲಿ ಅಂತಾನಾ?"

ಅಂಗಡಿಯ ಅಕ್ಕ ಒಂದೇ ಗೋಪುರದ ಸಾದಾ ಕೂಲರ್ ಕೆಳಗಿಳಿಸಿದಳು. ಸಾಸಿವೆ ಅದನ್ನು ಹಿಡಿದು ಮೂಲೆಗೆ ಹೋಗಿ ಉದ್ದ, ಅಗಲ, ಎತ್ತರ ಅಳೆಯತೊಡಗಿದಳು. ಅಷ್ಟರಲ್ಲಿ ಅಕ್ಕ ಒಂದು ಫ್ಯಾನಿಗೆ ಕರೆಂಟ್ ಕೊಟ್ಟು ಅಣ್ಣನ ಮುಖದ ಮುಂದೆ ಹಿಡಿದಳು. ಅವನ ಕೂದಲು ಹಾರಿತು.

"ನೋಡು, ಈ ಕಡೆ ಗಾಳಿ ಬರುತ್ತೆ" ಎಂದಳು ಅಕ್ಕ. "ಮರೀಬೇಡ."

"ಮರೆಯಲ್ಲ" ಎಂದ ಅಣ್ಣ. ಅವನು ನಿಜಕ್ಕೂ ಮರೆಯಲಿಲ್ಲ. ಮನೆಗೆ ಬಂದವನೇ ಅಮ್ಮನ ಬಟ್ಟೆ ಗುರುತು ಹಾಕುವ ಚಾಕ್‌ಪೀಸ್ ತೆಗೆದುಕೊಂಡು ಎರಡೂ ಫ್ಯಾನುಗಳಲ್ಲಿ ಆ ಬದಿಗೆ 'ಬ' ಎಂದು ಬರೆದ. ಇನ್ನೊಂದು ಬದಿಗೆ 'ಹೋ'. ಬರುತ್ತೆ, ಹೋಗುತ್ತೆ. ಅಮ್ಮನೂ ಪರದೆಯ ತುಂಡುಗಳಿಗೆ ಹೀಗೇ ಒಂದಕ್ಷರ ಬರೆದಿಡುತ್ತಾಳೆ.

ಭಾನುವಾರ ಬೆಳಿಗ್ಗೆ ಪ್ಲಗ್ ಕಿತ್ತು ಡಬ್ಬವನ್ನು ನೆಲದ ಮೇಲೆ ಮಲಗಿಸಿದರು. ಹಳೆಯ ಫ್ಯಾನಿನ ರೆಕ್ಕೆಗೆ ಧೂಳು ಬೂದು ಬಣ್ಣದ ಉಣ್ಣೆಯ ಹಾಗೆ ಅಂಟಿಕೊಂಡಿತ್ತು. ಅಣ್ಣ ಕೂಲರಿನ ಕೆಳಗೆ ಹಚ್ಚುವ ಪೇಸ್ಟಿನ ಮುಚ್ಚಳ ತೆಗೆದ.

"ಬಟಾಣಿ ಕಾಳಿನಷ್ಟು ಸಾಕಂತೆ. ಹಲ್ಲುಜ್ಜೋಕೆ ಹಾಕ್ಕೊಂಡ ಹಾಗೆ ಹಾಕ್ಬೇಡ" ಎಂದಳು ಸಾಸಿವೆ.

"ನೀನು ನಿನ್ ಕೆಲ್ಸ ನೋಡು. ನನ್ ಕೈ ಆ ಸಂದಿಗೆ ಹೋಗಲ್ಲ. ಫ್ಯಾನೆರಡೂ ನೀನೇ ಹಾಕು. ಮುಂದಿನದು ಗಾಳಿನ ಒಳಗೆ ಎಳೀಬೇಕು, ಹಿಂದಿನದು ಹೊರಗೆ ನೂಕ್ಬೇಕು. ಬ, ಹೋ ನೋಡ್ಕೊಂಡು ಹಾಕು."

"ಗೊತ್ತು."

ಅವಳಿಗೆ ಸಂಶಯವೇ ಬರಲಿಲ್ಲ. ಮುಂದೆ ಗಾಳಿ ಬರಬೇಕು, ಆದ್ದರಿಂದ 'ಬ' ಹೊರಗೆ ಕಾಣುವಂತೆ. ಹಿಂದೆ ಗಾಳಿ ಹೋಗಬೇಕು, ಆದ್ದರಿಂದ 'ಹೋ' ಹೊರಗೆ ಕಾಣುವಂತೆ. ಬೋರಲು ಮಲಗಿ ಸ್ಕ್ರೂ ತಿರುಗಿಸುವಾಗ ಅವಳು ತಾನೇ ಆ ಡಬ್ಬದ ನಡುವೆ, ಪುಟ್ಟ ಮನೆಯೊಂದರಲ್ಲಿ, ಕಿಟಕಿ ತೆರೆದುಕೊಂಡು ಕೂತಿದ್ದೇನೆ ಎಂದುಕೊಂಡಳು.

ಕಂಪ್ಯೂಟರ್ ಆನ್ ಆಯಿತು. ಫ್ಯಾನುಗಳು ಜುಂಯ್ ಎಂದವು. ಅಣ್ಣ ಆಟ ಶುರು ಮಾಡಿ ಪರದೆಯ ಮೂಲೆಯಲ್ಲಿ ಬಿಸಿ ತೋರಿಸುವ ಅಂಕಿ ಹಚ್ಚಿದ. ಅರವತ್ತು. ಎಪ್ಪತ್ತು. ಸಾಸಿವೆ ಉಗುರು ಕಚ್ಚಿದಳು. ಎಂಬತ್ತೈದು. ಅಂಕಿ ನಿಲ್ಲುವ ಲಕ್ಷಣವೇ ಕಾಣಲಿಲ್ಲ.

ತೊಂಬತ್ತೆರಡು ಬಂದಾಗ ಅಣ್ಣ ಆಟ ನಿಲ್ಲಿಸಿದ.

"ಇದಕ್ಕಿಂತ ಹಳೇದೇ ವಾಸಿ" ಎಂದ. "ನಾನು ಕಾರ್ಡ್ ಅಂದೆ. ನೀನು ಚಟಪಟ ಅಂದೆ. ಎಲ್ರೂ ನಿನ್ ಮಾತೇ ಕೇಳಿದ್ರು. ಅನುಭವಿಸು ಈಗ."

ಅವನು ಪಕ್ಕದ ಕೋಣೆಗೆ ಹೋಗಿಬಿಟ್ಟ. ಫೈನಲ್ ಮಧ್ಯಾಹ್ನದ ಊಟ ಆದಮೇಲೆ. ಮೇಲಿನ ಮನೆಯಲ್ಲಿ ಗೂಬೆ ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು.

ಸಾಸಿವೆ ಡಬ್ಬದ ಮುಂದೆ ನೆಲದ ಮೇಲೆ ಕೂತಳು. ಕಣ್ಣು ತುಂಬಿ ಬಂತು. ಅಳಬಾರದೆಂದು ಲಂಗದ ಮೇಲೆ ಅಂಟಿದ್ದ ಹಳದಿ ನೂಲನ್ನು ಕಿತ್ತಳು. ಅಮ್ಮನ ನೂಲು. ಆ ಮನೆಯಲ್ಲಿ ಎಲ್ಲರ ಬಟ್ಟೆಗೂ ಒಂದೊಂದು ಅಂಟಿಕೊಂಡೇ ಇರುತ್ತದೆ. ಅದನ್ನು ಡಬ್ಬದ ಮುಂದೆ ಕೈಬಿಟ್ಟಳು.

ನೂಲು ಕೆಳಗೆ ಬೀಳಲಿಲ್ಲ. ಹಾರಿಬಂದು ಅವಳ ಮೂಗಿಗೆ ತಾಗಿತು.

ಸಾಸಿವೆ ಉಸಿರು ಬಿಗಿಹಿಡಿದಳು. ಆಗ ಅವಳಿಗೆ ಇನ್ನೊಂದು ಗೊತ್ತಾಯಿತು. ಅವಳ ಮೊಣಕಾಲು ಬೆಚ್ಚಗಿತ್ತು. ನೂಲನ್ನು ಮತ್ತೆ ಡಬ್ಬದ ಮುಂದಿನ ಜಾಲರಿಯ ಹತ್ತಿರ ಹಿಡಿದಳು. ಅದು ಒಳಗೆ ಹೋಗಬೇಕಿತ್ತು. ಪುಟ್ಟ ಬಾವುಟದ ಹಾಗೆ ಅವಳ ಕಡೆಗೇ ಪಟಪಟ ಹಾರಾಡಿತು. ಹಿಂದೆ ಹೋಗಿ ಹಿಡಿದಳು. ಅಲ್ಲಿ ನೂಲು ಜಾಲರಿಗೆ ಸರ್ರನೆ ಅಂಟಿಕೊಂಡಿತು.

"ಅಣ್ಣಾ, ಬೇಗ ಬಾ."

"ಬಂದೆ" ಎಂದ ಅಣ್ಣ, ಇದ್ದಲ್ಲಿಂದ ಅಲುಗಾಡದೆ.

"ಬಂದೆ ಅಂದ್ಮೇಲೆ ಇಲ್ಲಿರ್ಬೇಕು ನೀನು. ಬಾರೋ, ಎರಡೂ ಉಲ್ಟಾ ಇದೆ."

ಅವನು ಬಂದು ಇಣುಕಿದ. ಮುಂದಿನ ಜಾಲರಿಯ ಹಿಂದೆ ಬಿಳಿ 'ಬ' ಕಾಣುತ್ತಿತ್ತು.

"ಏನೇ ಇದು? ಬ ಹೊರಗೆ ಯಾಕೆ ಹಾಕ್ದೆ?"

"ಬ ಅಂದ್ರೆ ಗಾಳಿ ಬರೋ ಕಡೆ ಅಲ್ವಾ? ಹೊರಗಡೆಯಿಂದ ತಾನೆ ಬರೋದು?"

"ಹೌದು, ಬರೋ ಕಡೆ. ಅಂಗಡೀಲಿ ನನ್ ಮುಖಕ್ಕೆ ಬಂತಲ್ಲ, ಆ ಕಡೆ."

"ನಿನ್ ಮುಖಕ್ಕೆ ಬಂದ್ರೆ ಅದು ಫ್ಯಾನಿಂದ ಹೋಯ್ತು ಅಂತ."

"ಫ್ಯಾನಿಂದ ಹೋಗಿದ್ದೇ ತಾನೆ ನನ್ ಹತ್ರ ಬಂದಿದ್ದು?"

ಇಬ್ಬರೂ ಬಗ್ಗಿ ಆ 'ಬ' ನೋಡಿದರು. ಅಣ್ಣ ಫ್ಯಾನಿನ ಹೊರಗೆ ನಿಂತು ಬರೆದಿದ್ದ. ಸಾಸಿವೆ ಡಬ್ಬದ ಒಳಗೆ ಕೂತು ಓದಿದ್ದಳು. ಯಾರ ತಪ್ಪೆಂದು ಜಗಳವಾಡಲು ಇಬ್ಬರೂ ಬಾಯಿ ತೆರೆದರು. ಆದರೆ ತಪ್ಪು ಯಾರ ಹತ್ತಿರವೂ ಸಿಗಲಿಲ್ಲ. ಅಣ್ಣನಿಗೇ ಮೊದಲು ನಗು ಬಂತು.

"ಹೊರಗಿನ ಗಾಳಿ ಹಿಂದಿಂದ ಬಂದು ಮುಂದೆ ಹೋಗ್ತಿದೆ. ನಡುವೆ ಕೂಲರ್ ಅದನ್ನ ವಾಪಸ್ ನೂಕ್ತಿದೆ" ಎಂದ. "ಒಳಗೆ ಬಸ್ ಸ್ಟ್ಯಾಂಡ್ ಆಗಿಹೋಗಿದೆ. ಸ್ಕ್ರೂಡ್ರೈವರ್ ಕೊಡು."

ಮೇಲಿಂದ ಗೂಬೆ ಕೂಗಿದ. "ಸಾಸಿವೇ, ಶುರುವಾಗ್ತಿದೆ. ಬರ್ತೀಯಾ ಇಲ್ವಾ?"

"ಬಂದೆ" ಎಂದು ಕೂಗಿದಳು ಸಾಸಿವೆ, ಡಬ್ಬದೊಳಗೆ ಮೊಣಕೈವರೆಗೆ ಕೈ ತೂರಿಸಿಕೊಂಡೇ.

ಕೊನೆಯ ಸ್ಕ್ರೂ ಬಿಗಿಯುವಾಗ ಅಣ್ಣ ಪ್ಲಗ್ ಹಿಡಿದು ಕಾಯುತ್ತಿದ್ದ. ಊಟಕ್ಕೆ ಅಮ್ಮ ಕರೆದದ್ದು ಇಬ್ಬರಿಗೂ ಕೇಳಿಸಲೇ ಇಲ್ಲ. ಕುರ್ಚಿಗೆ ಹಾರಿ ಕೂತು ಹೆಡ್‌ಫೋನ್ ಏರಿಸುವಷ್ಟರಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು.

"ಬಂದ್ಯಾ?" ಎಂದ ಗೂಬೆ ಅವಳ ಕಿವಿಯಲ್ಲಿ.

"ಮಾತಾಡ್ಬೇಡ. ಓಡಿಸು."

ಒಂದನೇ ಸುತ್ತು. ಎರಡನೇ ಸುತ್ತು. ಅಣ್ಣ ಪಕ್ಕದಲ್ಲಿ ನಿಂತು ಅಂಕಿ ಓದುತ್ತಿದ್ದ. "ಅರವತ್ತೆಂಟು. ಎಪ್ಪತ್ತು. ನಿಂತಿದೆ ಕಣೇ. ಎಪ್ಪತ್ತಕ್ಕೇ ನಿಂತಿದೆ." ಸೇತುವೆ ಬಂತು. ಇಲ್ಲೇ. ಸಾಸಿವೆ ರೆಪ್ಪೆ ಮಿಟುಕಿಸಲಿಲ್ಲ. ಎಡಕ್ಕೆ ತಿರುಗಿದಳು. ಪರದೆ ಬೆಳ್ಳಗೆ ಬೆಳಗುತ್ತಲೇ ಇತ್ತು. ಗೆರೆಯನ್ನು ಅವಳ ಕಾರೇ ಮೊದಲು ದಾಟಿತು.

ಹಿಂದೆಯೇ ಕಿವಿಯಲ್ಲಿ "ಅಯ್ಯಯ್ಯೋ" ಎಂಬ ಕೂಗು ಕೇಳಿತು. ಗೂಬೆಯ ಕಾರು ಸೇತುವೆಯಿಂದ ನೀರಿಗೆ ಬಿತ್ತು.

ಇಬ್ಬರ ಅಂಕ ಕೂಡಿಸಿದಾಗ ಅವರ ತಂಡಕ್ಕೆ ಎರಡನೇ ಸ್ಥಾನ ಬಂದಿತ್ತು. ಈ ಸಲ ಮೆಟ್ಟಿಲ ಮೇಲೆ ಧಡಧಡ ಸದ್ದಾಗಲಿಲ್ಲ. ಗೂಬೆ ಮೆಲ್ಲಗೆ ಇಳಿದು ಬಂದು ಬಾಗಿಲಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ನಿಂತ.

"ನಿನ್ನ ಕಂಪ್ಯೂಟರೂ ಆಫ್ ಆಯ್ತಾ?" ಎಂದಳು ಸಾಸಿವೆ.

"ಇಲ್ಲ. ನಾನೇ ಆಫ್ ಆದೆ."

"ಬಿ ಸೆಕ್ಷನ್ ಜಡೇನ ಕರೀಲಾ?"

ಗೂಬೆ ಪೆಚ್ಚಾಗಿ ನಕ್ಕ. ಆಮೇಲೆ ಹೊಸ ಕೂಲರ್ ತೋರಿಸು ಎಂದ. ಅಣ್ಣ ಡಬ್ಬದ ಬಾಗಿಲು ತೆಗೆದು, ಗೋಪುರ ಅಳತೆಗೆ ಸರಿಯಾಗಿ ಕೂತದ್ದು ತನ್ನ ತಂಗಿಯಿಂದಲೇ ಎಂದು ವಿವರಿಸಿದ. ಸಾಸಿವೆ ಟೇಪಿನ ಮೇಲಿನ ಗೆರೆ ತೋರಿಸಿದಳು. ಅಮ್ಮ ಮೂರನೇ ಸಲ ಕರೆದಾಗ ಗೂಬೆ ಹೊರಟ.

"ಬರ್ತೀನಿ ಕಣೇ" ಎಂದ.

ಹೇಳಿ ಹೋದ. ಒಂದೊಂದೇ ಮೆಟ್ಟಿಲು ಮೇಲೆ ಏರುವ ಸದ್ದು ಕೇಳಿಸಿತು. ಹೋಗುವಾಗ ಎಲ್ಲರೂ ಹಾಗೇ ಹೇಳುತ್ತಾರೆ. ಸಾಸಿವೆ ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದಳು, ಇವತ್ತು ಮಾತ್ರ ಅದನ್ನು ಹಿಡಿದು ನಿಂತಳು. ಹೋಗುತ್ತಿದ್ದವನು ಬರ್ತೀನಿ ಎಂದಿದ್ದ. ಆ ಮಾತು ಹೇಳುವಷ್ಟು ಹೊತ್ತು ಅವನ ಮನಸ್ಸು ಅವನು ನಿಂತ ಬಾಗಿಲಲ್ಲಿ ಇರಲಿಲ್ಲ. ಅವಳು ಕೂತಿದ್ದ ಕಡೆ ಬಂದು ನಿಂತು, ಅಲ್ಲಿಂದ ನೋಡುತ್ತಿತ್ತು.

ಅವಳು ಹಳದಿ ನೂಲನ್ನು ಮತ್ತೆ ಡಬ್ಬದ ಮುಂದೆ ಹಿಡಿದಳು. ಅದು ಜಾಲರಿಗೆ ಮೆತ್ತಗೆ ಅಂಟಿಕೊಂಡು, ತುದಿಯಷ್ಟನ್ನೇ ಒಳಗೆ ಚಾಚಿತು.

"ಊಟಕ್ಕೆ ಬರ್ತೀರೋ ಇಲ್ವೋ?" ಅಮ್ಮ ಕೂಗಿದಳು.

"ಬಂದೆ" ಎಂದಳು ಸಾಸಿವೆ. ಈ ಸಲ ಅವಳು ಎದ್ದು ನಿಂತಿದ್ದಳು.