ಪಂಕಜಾಕ್ಷಮ್ಮನವರ ಸೋಮವಾರ

ಕಡತಸೇತು ಎಂಬ ತಂತ್ರಾಂಶ ಕೆಲಸ ಆರಂಭಿಸಿ ಹತ್ತೇ ದಿನವಾಗಿತ್ತು. ಆಸ್ಪತ್ರೆಯ ಹಳೆಯ ಗಣಕಗಳಲ್ಲಿ ಉಳಿದುಹೋಗಿದ್ದ ಕೋಷ್ಟಕಗಳನ್ನು ಅದು ತಾನೇ ಓದುತ್ತಿತ್ತು. ಯಾರ ಎದೆಯೊಳಗೆ ಮಿಡಿತಯಂತ್ರವನ್ನು, ಅಂದರೆ ಪೇಸ್‌ಮೇಕರನ್ನು, ಯಾವಾಗ ಕೂಡಿಸಿದ್ದಾರೆ, ಅದರ ಆಯುಸ್ಸು ಮುಗಿದಿದೆಯೇ ಎಂದು ನೋಡಿ, ಯಂತ್ರ ಬದಲಿಸಲು ದಿನ ಗೊತ್ತುಮಾಡಿ ಮನೆಗೆ ಕರೆ ಕಳಿಸುತ್ತಿತ್ತು.

2071ರ ಆ ಬೆಳಿಗ್ಗೆ ಅಂಥದೊಂದು ಕರೆಗೆ ಓಗೊಟ್ಟು ಪಂಕಜಾಕ್ಷಮ್ಮ ಬಂದಿದ್ದರು. ವಯಸ್ಸು ಎಪ್ಪತ್ತಮೂರು. ಹಿಂದಿನ ಸಲ ಎದೆ ಕೊಯ್ದಾಗಲೇ ರಕ್ತ ನಿಲ್ಲದೆ, ಬದುಕಿದ್ದೇ ಹೆಚ್ಚು ಎಂದು ವೈದ್ಯರು ಹೇಳಿದ್ದರು. ಅದಕ್ಕೇ ಹೊರಡುವ ಮುನ್ನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಸೊಸೆಗೆ ತಿಳಿಯಲೆಂದು ಚೀಟಿ ಅಂಟಿಸಿದ್ದರು.

ಕಡತಸೇತುವನ್ನು ರೂಪಿಸಿದ ವಿಜ್ಞಾನಿ ಶಾರ್ವರಿ ಪರದೆಯನ್ನು ಅವರತ್ತ ತಿರುಗಿಸಿದಳು. "ಸಹಿಗೆ ಮುಂಚೆ ನೋಡಿಬಿಡಿ ಅಮ್ಮ. ಯಂತ್ರ ಕೂಡಿಸಿದ್ದು 8 ಮಾರ್ಚ್ 2050, ಮಂಗಳವಾರ. ಇಪ್ಪತ್ತು ವರ್ಷದ ಆಯುಸ್ಸು. ಮುಗಿದೇಹೋಗಿದೆ."

"ಮಂಗಳವಾರ ಅಲ್ಲ ಕಣಮ್ಮ, ಸೋಮವಾರ."

"ಇಸವಿ ಸರಿಯಿದೆಯಾ?"

"ಇಸವಿ ಯಾರಿಗೆ ನೆನಪಿರುತ್ತೆ? ಹದಿನೈದೋ ಇಪ್ಪತ್ತೋ ಆಗಿರಬೇಕು. ವಾರ ಮಾತ್ರ ಮರೆಯಲ್ಲ. ನಂದು ಸೋಮವಾರ ಒಪ್ಪತ್ತು. 'ಹೊಟ್ಟೆ ಖಾಲಿ ಇಟ್ಕೊಂಡೇ ಬಂದಿದ್ದೀರಲ್ಲ, ಇವತ್ತೇ ಮುಗಿಸೋಣ' ಅಂದ್ರು ಡಾಕ್ಟ್ರು."

ಶಾರ್ವರಿ ನಗಲು ಹೋಗಿ ನಿಲ್ಲಿಸಿದಳು. ಒಂದು ದಿನದ ತಪ್ಪು ಹೇಗೆ ಬಂತು? ಕೋಷ್ಟಕದ ಮೂಲ ಚೌಕವನ್ನು ತೆರೆದಳು. ಅಲ್ಲಿದ್ದದ್ದು 54855 ಎಂಬ ಸಂಖ್ಯೆ, ಅಷ್ಟೇ.

"ಇದೇನು, ತಾರೀಖೇ ಇಲ್ಲ?"

"ಒಳಗಡೆ ಇರೋದು ದಿನಗಳ ಎಣಿಕೆ ಅಮ್ಮ. ಅದನ್ನ ತಾರೀಖಾಗಿ ಬದಲಿಸಿ ತೋರಿಸೋದು ನಮ್ಮ ಕಡತಸೇತು. 1900ರ ಮೊದಲ ದಿನದಿಂದ ಎಣಿಸುತ್ತೆ."

"ಎಲ್ಲರೂ ಅಲ್ಲಿಂದಲೇ ಎಣಿಸ್ತಾರಾ? ನಮ್ಮತ್ತೆ ಹೆತ್ತ ದಿನಾನೇ ಒಂದು ಅನ್ನೋರು, ನಮ್ಮಮ್ಮ ಮಾರನೇ ದಿನದಿಂದ ಎಣಿಸೋಳು. ನನ್ನ ಬಾಣಂತನದಲ್ಲಿ ಹನ್ನೊಂದನೇ ದಿನದ ನೀರು ಯಾವತ್ತು ಅಂತ ಇಬ್ಬರಿಗೂ ದೊಡ್ಡ ಜಗಳ!"

ಶಾರ್ವರಿಯ ಬೆರಳು ಅಲ್ಲೇ ನಿಂತಿತು. ಹಳೆಯ ಗಣಕಗಳಲ್ಲಿ ಇನ್ನೊಂದು ಬಗೆಯಿತ್ತು. ಅವು ಎಣಿಕೆ ಹಿಡಿಯುತ್ತಿದ್ದುದು 1904ರ ಮೊದಲ ದಿನದಿಂದ, ಅದೂ ಆ ದಿನವನ್ನು ಒಂದು ಎನ್ನದೆ ಸೊನ್ನೆ ಎಂದು. ಆದಿದಿನವನ್ನು ಬದಲಿಸಿದಳು. ಪರದೆಯ ಮೇಲೆ ತಾರೀಖು ನಾಲ್ಕು ವರ್ಷ, ಒಂದು ದಿನ ಮುಂದೆ ಸರಿಯಿತು: 9 ಮಾರ್ಚ್ 2054, ಸೋಮವಾರ.

"ಇನ್ನೂ ಮೂರು ವರ್ಷ ಬಾಳುತ್ತೆ ಅಮ್ಮ. ಮನೆಗೆ ಹೋಗಿ."

ಪಂಕಜಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅದೇ ಕೋಷ್ಟಕದಲ್ಲಿದ್ದ ಇನ್ನೂ ನಲವತ್ತೊಂದು ಮನೆಗಳಿಗೆ ಹೋಗಿದ್ದ ಕರೆಗಳು ಅರ್ಧ ಗಂಟೆಯಲ್ಲಿ ರದ್ದಾದವು. ಅಂದಿನಿಂದ ಕಡತಸೇತು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲು ಮನೆಯವರನ್ನು, "ಅವತ್ತು ಯಾವ ವಾರ?" ಎಂದು ಕೇಳತೊಡಗಿತು.

ಶಾರ್ವರಿ ತಾನೇ ಹೋಗಿ ಇಡ್ಲಿ ತಂದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."

"ಇವತ್ತೂ ಸೋಮವಾರ ಅಲ್ವೇನೆ?"

ಶಾರ್ವರಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಪಂಕಜಾಕ್ಷಮ್ಮ ಅದನ್ನು ಹಿಡಿದುಕೊಂಡರು. "ಇರಲಿ ಬಿಡು. ಒಂದು ಹೊತ್ತು ಉಣ್ಣಬಹುದಲ್ಲ, ಆ ಹೊತ್ತು ಈಗಲೇ ಬಂತು. ಬೇಗ ಮನೆಗೆ ಹೋಗಬೇಕು. ಗಾಬರಿಯಲ್ಲಿ ಮೆಂತ್ಯದ ಡಬ್ಬಿಗೆ ಸಾಸಿವೆ ಅಂತ ಚೀಟಿ ಅಂಟಿಸಿದ್ದೀನಿ."