ಅಜ್ಜಿಯ ಕೂಲಿಂಗ್ ಗ್ಲಾಸ್

"ಏಯ್! ಕಣ್ಣು ಕಾಣಾಕಿಲ್ವಾ ನಿಂಗೆ?"

ರಸ್ತೆ ಪಕ್ಕದ ಹಳ್ಳದಿಂದ ಆ ಕೂಗು ಬಂದಾಗ ಮೋನಿಕಾ ಟಾರಿನ ಮೇಲೆ ಬಿದ್ದಿದ್ದಳು. ಅವಳ ಮೇಲೆ ಅವಳ ಸೈಕಲ್ ಬಿದ್ದಿತ್ತು.

ತಪ್ಪು ಅವಳದೇ! ಕೊಳ್ಳೇಗಾಲ ಬಿಟ್ಟಾಗಿನಿಂದ ಸಂಜೆ ಬಿಸಿಲು ಎದುರಿಗೇ ಇತ್ತು. ಧನಗೆರೆ ರಸ್ತೆಯ ಹುಣಸೆಮರಗಳ ನೆರಳಿಗೆ ನುಗ್ಗಿದ್ದೇ ತಡ, ಮುಂದೆ ಏನೂ ಕಾಣಲಿಲ್ಲ. ಹಾಕಿಕೊಂಡಿದ್ದ ಕನ್ನಡಕ ಅಷ್ಟು ಕಪ್ಪು. ಚಕ್ರ ಗುಂಡಿಗೆ ಇಳಿಯಿತು, ಹ್ಯಾಂಡಲ್ ತಿರುಗಿತು. ಹಿಂದಿನಿಂದ ಸೈಕಲ್‌ನಲ್ಲಿ ಬರುತ್ತಿದ್ದವನು ಅವಳನ್ನು ತಪ್ಪಿಸಲು ಹೋಗಿ ಸೀದಾ ಹಳ್ಳಕ್ಕೆ ಇಳಿದಿದ್ದ.

ಮೊಣಕಾಲವರೆಗೆ ಕೆಸರು ಮಾಡಿಕೊಂಡು ಅವನು ಮೇಲೆ ಬಂದ. ಕಣ್ಣು ಕೆಂಡದಂತಿದ್ದವು.

"ರೋಡ್‌ನಾಗೆ ಇಂಗಾ ಸೈಕಲ್ ಒಡೆಯೋದು? ಹಿಂದೆ ಬಸ್ಸು ಬಂದಿದ್ರೆ..."

ಮಾತು ಅಲ್ಲಿಗೇ ನಿಂತಿತು.

ಅವನು ಅವಳ ಮುಖವನ್ನೇ ನೋಡುತ್ತಿದ್ದ. ನೋಡುನೋಡುತ್ತಲೇ ಅವನ ಸಿಟ್ಟೆಲ್ಲ ಇಳಿದುಹೋಯಿತು.

"ಅಯ್ಯೋ... ನಾನು ನೋಡ್ಲಿಲ್ಲ ಕಣ್ರಿ. ತಪ್ಪು ತಿಳ್ಕಬೇಡಿ. ಏಟಾಯ್ತಾ?"

ಮೋನಿಕಾ ತಬ್ಬಿಬ್ಬಾದಳು. ಹಳ್ಳಕ್ಕೆ ಬಿದ್ದವನು ಅವನು, ಕ್ಷಮೆ ಕೇಳುತ್ತಿರುವವನೂ ಅವನೇ!

ಅವನು ಅವಳ ಸೈಕಲ್ ಎತ್ತಿ, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ಸರಿ ಮಾಡಿದ. "ಮುಂದೆ ಇನ್ನೂ ಗುಂಡಿ ಅವೆ. ನಾನು ಮುಂದೆ ಓಯ್ತೀನಿ, ನೀವು ನನ್ನ ಹಿಂದೇನೇ ಬನ್ನಿ. ಕೂಗಿ ಹೇಳ್ತೀನಿ" ಎಂದ. ಆ ದನಿಯಲ್ಲಿ ಎಷ್ಟು ಮೆತ್ತಗಿನ ಕಾಳಜಿ!

'ನನ್ನ ಮುಖ ನೋಡಿ ಯಾರ ಸಿಟ್ಟೂ ಹೀಗೆ ಕರಗಿದ್ದಿಲ್ಲ...' ಎಂದುಕೊಂಡಳು ಮೋನಿಕಾ. ಆ ಕ್ಷಣದಿಂದಲೇ ಅವಳ ಎದೆಯೊಳಗೆ ಏನೋ ಶುರುವಾಯಿತು.

ಅವನು ನೋಡಿದ್ದು ಮುಖವನ್ನಲ್ಲ, ಕನ್ನಡಕವನ್ನು. ಅದು ಅವಳಿಗೆ ಗೊತ್ತಾಗಲಿಲ್ಲ.

ಅದು ಅವಳ ಅಜ್ಜಿ ಚಿಕ್ಕತಾಯಮ್ಮನ ಕನ್ನಡಕ. ಕಣ್ಣಿನ ಪೊರೆ ತೆಗೆಸಿದಾಗ ಕ್ಯಾಂಪಿನಲ್ಲಿ ಕೊಟ್ಟಿದ್ದು. ಎರಡೂ ಪಕ್ಕ ಮುಚ್ಚಿದ, ಅರ್ಧ ಮುಖ ತುಂಬುವ ಕಪ್ಪು ಕನ್ನಡಕ. ನಮ್ಮ ಕಡೆ ಅದನ್ನು ನೋಡಿದ ಯಾರಿಗೂ ಬೇರೆ ವಿವರಣೆ ಬೇಕಾಗಿಲ್ಲ, ಇವರಿಗೆ ಆಪರೇಶನ್ ಆಗಿದೆ ಎಂದು ಅರ್ಥ.

ಮೋನಿಕಾಗೆ ಅದು ಬೇಕಾಗಿದ್ದು ಗಾಳಿಗೆ ಮತ್ತು ಧೂಳಿಗೆ. ರೇಷ್ಮೆ ಸೀರೆ ನೇಯುವ ದೇವಣ್ಣನ ಮಗಳು ಅವಳು. ಹಗಲೆಲ್ಲ ಅಪ್ಪನ ಜೊತೆ ಮಗ್ಗದ ಮನೆಯಲ್ಲಿ, ಸಂಜೆ ಮಾತ್ರ ರಸ್ತೆಯಲ್ಲಿ. ಹನೂರಿನ ಯುವಕ ಸಂಘದವರು ಸೈಕಲ್ ಮತ್ತು ಓಟ ಎರಡೂ ಸೇರಿಸಿ ಸ್ಪರ್ಧೆ ಇಟ್ಟಿದ್ದರು. ಕೂತು ಕೂತೇ ಬೆಳೆದವಳಿಗೆ ಒಂದು ಸಲವಾದರೂ ಎಲ್ಲರಿಗಿಂತ ಮುಂದೆ ಹೋಗಬೇಕೆಂಬ ಹುಚ್ಚು. ಆದರೆ ಬಿಸಿಲು ಕಣ್ಣಿಗೆ ಬಿದ್ದರೆ ನೀರು ಸುರಿಯುತ್ತಿತ್ತು. ಗೋಡೆಯ ಸ್ಟ್ಯಾಂಡಿನ ಮೇಲೆ ಅಜ್ಜಿಯ ಕನ್ನಡಕ ಸುಮ್ಮನೆ ಬಿದ್ದಿತ್ತು, ಹಾಕಿಕೊಂಡಳು.

'ಅಜ್ಜಿ ಕನ್ನಡಕ ಅಂದರೆ ನಗುವುದಿಲ್ಲವೇ?' ಅದಕ್ಕೇ ಅವಳು ಅವನಿಗೆ ಹೇಳಲಿಲ್ಲ. ಹೆಣ್ಣುಮಗಳ ಕಣ್ಣಿನ ವಿಷಯ ಕೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಅವನೂ ಕೇಳಲಿಲ್ಲ.

ಅವನ ಹೆಸರು ಶಾಂತಮೂರ್ತಿ. ಧನಗೆರೆಯವನು. ಯಳಂದೂರಿನ ಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಮರುದಿನ ಸಂಜೆಯೂ ಅದೇ ಹುಣಸೆಮರದ ಹತ್ತಿರ ಸಿಕ್ಕ. ಆಮೇಲೆ ದಿನಾ ಸಿಕ್ಕ.

"ಗುಂಡಿ! ಎಡಕ್ಕೆ!"

"ಕಲ್ಲು ಕಲ್ಲು!"

"ಎಮ್ಮೆ ಕಣ್ರಿ, ಎಮ್ಮೆ!"

"ಎಮ್ಮೆ ನನಗೂ ಕಾಣುತ್ತೆ ಮೇಷ್ಟ್ರೇ!" ಎಂದು ಅವಳು ನಗುತ್ತಿದ್ದಳು. ಸೈಕಲ್ ನಿಲ್ಲಿಸಿ ಓಡುವಾಗಲೂ ಅವನು ಪಕ್ಕದಲ್ಲೇ ಓಡುತ್ತಿದ್ದ. ಕತ್ತಲಾಗುವ ಮೊದಲು ಅವಳನ್ನು ಕೊಳ್ಳೇಗಾಲದ ಬೀದಿಯ ತಿರುವಿನವರೆಗೆ ಬಿಟ್ಟು, ಬಂದ ದಾರಿಯನ್ನೇ ಹಿಡಿದು ಧನಗೆರೆಗೆ ಹೋಗುತ್ತಿದ್ದ.

"ಯಾರವ್ವ ಅದು, ಎಮ್ಮೆ ತೋರ್ಸೋ ಮೇಷ್ಟ್ರು?" ಎಂದು ಬೀದಿಯವರ ಮಾತು ಕಿವಿಗೆ ಬಿದ್ದ ಅಜ್ಜಿ ಒಂದು ದಿನ ಕೇಳಿದಳು.

"ಯಾರೂ ಇಲ್ಲ ಸುಮ್ನಿರಜ್ಜಿ!"

"ಯಾರೂ ಇಲ್ದಿದ್ರೆ ಮೊಕ ಯಾಕವ್ವ ಕುಂಕುಮ ಆಯ್ತು? ಈಗ ನಂಗೂ ಚೆನ್ನಾಗಿ ಕಾಣ್ತದೆ ಕಣೆ."

ಹನೂರಿನ ಸ್ಪರ್ಧೆ ಹತ್ತಿರ ಬಂತು. ಅಜ್ಜಿಯ ಕನ್ನಡಕ ಸೈಕಲ್ ಮೇಲೆ ಹೇಗೋ ನಿಲ್ಲುತ್ತಿತ್ತು, ಓಡುವಾಗ ಮಾತ್ರ ಬೆವರಿಗೆ ಜಾರಿ ಮೂಗಿನ ತುದಿಯಲ್ಲಿ ಕುಣಿಯುತ್ತಿತ್ತು. ಅವಳು ರೇಷ್ಮೆ ನೂಲಿನಿಂದ ಹಿಂದೆ ಕಟ್ಟಿಕೊಂಡಳು, ನೂಲು ಕೂದಲಿಗೆ ಸುತ್ತಿಕೊಂಡಿತು. ಒಂದು ಕೈಯಲ್ಲಿ ಹಿಡಿದು ಓಡಿದಳು, ಉಸಿರು ತಪ್ಪಿತು. ಕೊನೆಗೆ ಸಿಟ್ಟಿನಿಂದ ಕಿತ್ತು ಹುಲ್ಲಿನ ಮೇಲೆ ಎಸೆದಳು.

ಶಾಂತಮೂರ್ತಿ ಅದನ್ನು ಎತ್ತಿ ಅಂಗಿಯ ತುದಿಯಿಂದ ಒರೆಸಿದ. "ನಾಳೆ ಹೊಸದು ತಗಳನ ನಡೀರಿ. ಇದನ್ನ ಹಾಕ್ಕಂಡು ಹನೂರ್‌ನಾಗೆ ಓಡಕ್ಕಾಯ್ತದಾ?"

ನನಗಾಗಿ ಅಂಗಡಿಗೆ ಬರುತ್ತಾರೆ... ನನ್ನ ಜೊತೆ! ಆ ರಾತ್ರಿ ಮೋನಿಕಾಗೆ ಊಟ ಸೇರಲಿಲ್ಲ.

ಬಜಾರಿನಲ್ಲಿ ಚಿನ್ನಸ್ವಾಮಿಯ ಕನ್ನಡಕದ ಅಂಗಡಿ. ತಮಿಳು ಬೆರೆತ ಕನ್ನಡ, ಬಾಯಿ ತುಂಬ ಮಾತು.

"ವಾಮ್ಮಾ, ಕೂತ್ಕೋ. ಇದು ನೋಡು, ಈಗ ಇದೇ ಓಡ್ತಾ ಇರೋದು."

ಮೊದಲನೆಯದು ನೋಡಲು ಚೆಂದ, ಬಗ್ಗಿದರೆ ಕಳಚಿ ಬಿತ್ತು. ಎರಡನೆಯದು ಕಿವಿಯ ಮೇಲೆ ಇಕ್ಕಳದಂತೆ ಹಿಡಿಯಿತು. ಇನ್ನೊಂದು ಕೆನ್ನೆಗೆ ಅಂಟಿಕೊಂಡು ಬಿಸಿಯುಸಿರಿಗೇ ಮಂಜಾಯಿತು. ಮತ್ತೊಂದನ್ನು ಹಾಕಿದರೆ ಬಜಾರೆಲ್ಲ ಹಳದಿ, ಅವಳ ಗಿಣಿಹಸಿರು ಚೂಡಿದಾರ್ ಒಣಗಿದ ಬಾಳೆ ಎಲೆಯ ಬಣ್ಣಕ್ಕೆ ತಿರುಗಿತು.

"ಬಣ್ಣ ಕೆಡಿಸೋದು ನಂಗೆ ಬೇಡ."

"ಓಡಕ್ಕೆ ಬೇಕಾ, ಸೀರೆ ಆರಿಸಕ್ಕೆ ಬೇಕಾಮ್ಮಾ?"

"ಕಪ್ಪು ಕಮ್ಮಿ ಇರೋದು ಕೊಡಿ. ನೆರಳಿಗೆ ಹೋದ್ರೂ ರೋಡು ಕಾಣ್ಬೇಕು" ಎಂದ ಶಾಂತಮೂರ್ತಿ. "ಗಾಜಿಂದು ಬೇಡ, ಬಿದ್ರೆ ಕಣ್ಣಿಗೆ ಚುಚ್ತದೆ. ಮೂಗಿನ ಹತ್ರ ರಬ್ಬರ್ ಇರ್ಲಿ." ಆಮೇಲೆ ಅವಳ ಕಡೆ ತಿರುಗಿ, "ತಲೆ ಅಲ್ಲಾಡ್ಸಿ. ಎಗರಿ. ಆ ಮೂಲೆವರ್ಗೂ ಓಡಿ ಬನ್ನಿ" ಎಂದ.

ಅವಳು ಓಡಿದಳು. ಹೂವಿನ ಅಂಗಡಿಯವರು ನಕ್ಕರು. ಕನ್ನಡಕ ಜಾರಿತು. ಬೇರೆ ಹಾಕಿಕೊಂಡು ಮತ್ತೆ ಓಡಿದಳು. ಅದೂ ಜಾರಿತು. ನಾಚಿಕೆ, ಸೆಕೆ, ಬೆವರು... ಅದನ್ನೂ ಕಿತ್ತು ಕನ್ನಡಿ ನೋಡಿಕೊಂಡಳು. 'ಒಂದು ಕನ್ನಡಕಕ್ಕೂ ಒಗ್ಗದ ಮುಖವೇ ನನ್ನದು?'

"ಸಾ, ನಾನು ಕನ್ನಡಕ ಮಾರ್ತಿದೀನಾ, ಸರ್ಕಸ್ ನಡೆಸ್ತಿದೀನಾ?" ಎಂದ ಚಿನ್ನಸ್ವಾಮಿ ಶಾಂತಮೂರ್ತಿಯನ್ನೇ ದಿಟ್ಟಿಸಿದ. "ಇರಿ ಇರಿ, ಈಗ ನೆನಪಾಯ್ತು! ಮಳೆಗಾಲದಲ್ಲೂ ಬಂದಿದ್ರಿ ಅಲ್ವಾ? ಕಣ್ಣು ಆಪರೇಶನ್ ಆದ ಹುಡುಗಿ, ಪಾಪ, ಸೈಕಲ್ ಹೊಡೀತಾಳೆ, ಅವಳಿಗೆ ಯಾವುದು ಒಳ್ಳೇದು ಅಂತ ಕೇಳಿದ್ರಲ್ಲ... ಈಯಮ್ಮನೇನಾ?"

ಮೋನಿಕಾ ಕೈಯಲ್ಲಿದ್ದ ಕನ್ನಡಕವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾರಿಗೆ ಆಪರೇಶನ್?"

ಶಾಂತಮೂರ್ತಿಯ ಮುಖ ಸಪ್ಪಗಾಯಿತು. "ಮೋನಿಕಾ, ಒಂದ್ನಿಮಿಷ..."

"ಅದು ನಮ್ಮಜ್ಜಿ ಕನ್ನಡಕ ಮೇಷ್ಟ್ರೇ! ನನ್ನ ಕಣ್ಣಿಗೆ ಏನೂ ಆಗಿಲ್ಲ!" ಮೊದಲ ದಿನ ಅವನ ಸಿಟ್ಟು ಇಳಿದಿದ್ದು, ಕೂಗಿ ಕೂಗಿ ಗುಂಡಿ ತೋರಿಸಿದ್ದು, ಬೀದಿಯ ತಿರುವಿನವರೆಗೆ ಬಂದು ಬಿಟ್ಟಿದ್ದು... ಎಲ್ಲದರ ಅರ್ಥ ಒಮ್ಮೆಲೇ ಬೇರೆಯಾಯಿತು. "ಅದಕ್ಕಾ ನೀವು ದಿನಾ ಬರ್ತಿದ್ದಿದ್ದು? ಕುರುಡಿಗೆ ದಾರಿ ತೋರಿಸಿ ಪುಣ್ಯ ಕಟ್ಕೊಳ್ಳೋಕಾ?"

"ಮೊದ್ಲು ಹಂಗಂದ್ಕಂಡಿದ್ದೆ, ನಿಜ. ಆದ್ರೆ..."

ಅವಳು ಆ 'ಆದ್ರೆ'ಗೆ ಕಾಯಲಿಲ್ಲ. ಸೈಕಲ್ ಹತ್ತಿ ಹೊರಟೇಬಿಟ್ಟಳು.

ಆಮೇಲೆ ಧನಗೆರೆ ರಸ್ತೆಗೆ ಹೋಗಲಿಲ್ಲ. ಅವನ ಫೋನ್ ಎತ್ತಲಿಲ್ಲ. ಮಗ್ಗದ ಮುಂದೆ ಕೂತರೆ ಎಳೆ ಮೇಲೆ ಎಳೆ ಕಿತ್ತುಹೋಗುತ್ತಿತ್ತು. ದೇವಣ್ಣ ಸುಮ್ಮನೆ ನೋಡಿ, "ಸಿಟ್ಟು ಇದ್ರೆ ಎದ್ದೋಗು ಮಗ. ನೂಲು ಏನ್ ಮಾಡ್ತು ನಿಂಗೆ?" ಎಂದ.

"ಪಾಪ ಅಂದ್ರೆ ತಪ್ಪೇನವ್ವ? ಕರುಣೆ ಇರೋ ಗಂಡು" ಎಂದಳು ಅಜ್ಜಿ.

"ತಪ್ಪು ಅಜ್ಜಿ! ಬೀದಿ ನಾಯಿಗೂ ಪಾಪ ಅಂತಾರೆ. ನಾನು... ನಾನು ಬೇರೆ ಏನೋ ಅಂದ್ಕೊಂಡಿದ್ದೆ."

ಅಜ್ಜಿ ಅವಳ ತಲೆ ಸವರಿದಳು.

ಮೋನಿಕಾ ಒಬ್ಬಳೇ ಚಿನ್ನಸ್ವಾಮಿಯ ಅಂಗಡಿಗೆ ಹೋದಳು. ಈ ಸಲ ನಾಚಲಿಲ್ಲ. ಎಗರಿದಳು, ಬಗ್ಗಿದಳು, ಮೂಲೆಯವರೆಗೆ ಓಡಿ ಬಂದಳು. ತಿಳಿ ಕಂದು ಬಣ್ಣದ್ದು, ಕೆಳಗೆ ಫ್ರೇಮ್ ಇಲ್ಲದ್ದು, ಮೂಗಿಗೆ ರಬ್ಬರ್ ಇರುವುದು ಕೊನೆಗೂ ನಿಂತಿತು. ಮರದ ನೆರಳಿನಲ್ಲೂ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಒಂದೊಂದು ಗುಂಡಿಯೂ ಕಾಣುತ್ತಿತ್ತು. ಕೂಗುವವರು ಮಾತ್ರ ಯಾರೂ ಇರಲಿಲ್ಲ.

ಅದೇ ಹಿಂಸೆ.

ಸ್ಪರ್ಧೆಯ ಬೆಳಗ್ಗೆ ಹನೂರಿನಲ್ಲಿ ಸೈಕಲ್‌ಗಳ ಸಾಲು. ಶಾಗ್ಯಕ್ಕೆ ಹೋಗಿ ವಾಪಸ್ ಬರಬೇಕು, ಆಮೇಲೆ ಊರೊಳಗೆ ಓಟ. ಸಾಲಿನ ಆ ತುದಿಯಲ್ಲಿ ಶಾಂತಮೂರ್ತಿ ನಿಂತಿದ್ದ. ಸೊರಗಿದ್ದ. ಮೋನಿಕಾ ಮುಖ ತಿರುಗಿಸಿದಳು.

ಶಾಗ್ಯ ಮುಟ್ಟಿ ತಿರುಗಿದಾಗ ಹೆಂಗಸರಲ್ಲಿ ಅವಳೇ ಮುಂದೆ! ತೊಡೆ ಉರಿಯುತ್ತಿತ್ತು, ಕನ್ನಡಕ ಮಾತ್ರ ಕದಲಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಸೈಕಲ್‌ನ ಸದ್ದು. ನೋಡಬೇಕಾಗಿರಲಿಲ್ಲ, ಅವನೇ.

ಒಂದು ಗುಂಡಿ ಬಂತು. ಅವನು ಸುಮ್ಮನಿದ್ದ. ಇನ್ನೊಂದು ಬಂತು. ಆಗಲೂ ಸುಮ್ಮನಿದ್ದ.

ಅವಳಿಗೆ ತಡೆಯಲಾಗಲಿಲ್ಲ. "ಏನು ಮೇಷ್ಟ್ರೇ, ಇವತ್ತು ಪುಣ್ಯ ಬೇಡ್ವಾ?"

"ನಿಮಗೆ ಕಾಣ್ತದಲ್ಲ."

"ಓ! ಚಿನ್ನಸ್ವಾಮಿ ಅಂಗಡೀಲಿ ಗೊತ್ತಾಯ್ತು ಅಲ್ವಾ?"

"ಇಲ್ಲ ಕಣ್ರಿ. ನೀವು ಸಿಕ್ಕಿದ ವಾರದಲ್ಲೇ ಗೊತ್ತಾಯ್ತು."

ಮೋನಿಕಾ ಎರಡೂ ಬ್ರೇಕ್ ಒತ್ತಿದಳು. ಸೈಕಲ್ ಕಿರ್ರೆಂದು ನಿಂತಿತು. ಅವನೂ ನಿಂತ.

"ಏನಂದ್ರಿ?"

"ನಾಲೆ ಆಚೆ ಯಾರೋ ಸೀರೆ ಒಣಗಾಕಿದ್ರು. 'ಆ ಅಂಚು ಬೇರೆ ಸೀರೇದು, ಕತ್ತರಿಸಿ ಜೋಡಿಸವ್ರೆ' ಅಂದ್ರಿ. ನಂಗೆ ಅಲ್ಲೊಂದು ಸೀರೆ ಅದೆ ಅನ್ನೋದೇ ಕಂಡಿರ್ಲಿಲ್ಲ. ಇವ್ರ ಕಣ್ಣಿಗೆ ಏನೂ ಆಗಿಲ್ಲ ಅಂತ ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಇಷ್ಟು ದಿನ ಗುಂಡಿ ಗುಂಡಿ ಅಂತ ಕೂಗಿದ್ರಾ?"

"ಕೂಗಿದೆ."

"ಎಮ್ಮೆ?"

"ಎಮ್ಮೇನೂ." ಅವನು ತಲೆ ತಗ್ಗಿಸಿದ. "ಕೂಗೋದು ಬಿಟ್ರೆ ನಿಮ್ಮ ಪಕ್ಕದಲ್ಲಿ ಬರಕ್ಕೆ ನಂಗೇನು ನೆಪ ಇತ್ತು? ಇಷ್ಟ ಅಂತ ಹೇಳಕ್ಕೆ ಧೈರ್ಯ ಬರ್ಲಿಲ್ಲ ಮೋನಿಕಾ. ಗುಂಡಿ ಅಂತ ಹೇಳಕ್ಕೆ ಬಂತು, ಅದನ್ನೇ ಹೇಳ್ದೆ."

ಅವಳಿಗೆ ಅಳಬೇಕೋ, ಅವನ ತಲೆಗೆ ಮೊಟಕಬೇಕೋ ತಿಳಿಯಲಿಲ್ಲ.

"ಅವತ್ತು ಅಂಗಡೀಲಿ ಯಾಕೆ ಹೇಳ್ಲಿಲ್ಲ?"

"ನೀವು ಹೇಳಕ್ಕೆ ಬಿಟ್ರಾ? ಬಾಯಿ ಬಿಡೋಷ್ಟ್ರಲ್ಲಿ ಸೈಕಲ್ ಹತ್ತಿದ್ರಿ. ನಿಮ್ಮ ಬೀದಿಗೂ ಬಂದೆ. ನಿಮ್ಮಜ್ಜಿ ಜಗಲಿ ಮೇಲೆ ಕೂತಿದ್ರು. 'ಯಾರಪ್ಪ, ಎಮ್ಮೆ ಮೇಷ್ಟ್ರಾ?' ಅಂದ್ರು. ವಾಪಸ್ ಬಂದ್ಬುಟ್ಟೆ."

ಹಿಂದೆ ಬಂದ ಸೈಕಲ್‌ಗಳು ಒಂದೊಂದಾಗಿ ಅವರನ್ನು ದಾಟತೊಡಗಿದವು.

"ಏನ್ ಸಾ, ಇಲ್ಲೇ ಸಂಸಾರ ಹೂಡ್ಬುಟ್ರಾ?" ಎಂದು ಯಾರೋ ಕೂಗಿದರು.

ಶಾಂತಮೂರ್ತಿ ಕದಲಲಿಲ್ಲ. "ಅವ್ವಂಗೆ ಹೇಳಿವ್ನಿ. 'ನಮ್ಮೋರಲ್ವಲ್ಲ ಮಗ' ಅಂದ್ಲು. ಒಂದು ದಿನ ಮಾತಾಡ್ಲಿಲ್ಲ. ಆಮೇಲೆ 'ಕರ್ಕಂಡು ಬಾ, ನೋಡನ' ಅಂದ್ಲು. ಸುಲಭ ಅಲ್ಲ ಮೋನಿಕಾ. ನಿಮ್ಮಪ್ಪನ ಹತ್ರಾನೂ ಸುಲಭ ಅಲ್ಲ. ಆದ್ರೂ ಬಂದು ಕೇಳ್ತೀನಿ. ನೀವು ಹೂಂ ಅಂದ್ರೆ."

ಇನ್ನೂ ಇಬ್ಬರು ಹೆಂಗಸರು ದಾಟಿಹೋದರು. ತಿಂಗಳುಗಟ್ಟಲೆ ಕನಸು ಕಂಡ ಮೊದಲ ಸ್ಥಾನ ಕಣ್ಣೆದುರೇ ದೂರವಾಗುತ್ತಿತ್ತು. ಮೋನಿಕಾ ಅದನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ನನ್ನ ರೇಸೂ ಹಾಳು ಮಾಡಿದ್ರಿ."

"ಸಿಟ್ಟು ಇನ್ನೂ ಹೋಗಿಲ್ವಾ?"

"ಇಲ್ಲ."

"ಯಾವಾಗ ಓಯ್ತದೆ?"

"ಗೊತ್ತಿಲ್ಲ... ತುಂಬಾ ದಿನ ಇರುತ್ತೆ."

"ಸರಿ. ಎಷ್ಟು ದಿನ ಆದ್ರೂ ಕಾಯ್ತೀನಿ."

ಅವಳು ಪೆಡಲ್ ಮೇಲೆ ಕಾಲಿಟ್ಟಳು. ಕೆನ್ನೆಯ ಮೇಲೆ ಇಳಿದಿದ್ದ ನೀರನ್ನು ತೋಳಿಗೆ ಒರೆಸಿಕೊಂಡಳು. ತುಟಿ ಮಾತ್ರ ನಗುತ್ತಿತ್ತು.

"ಇಲ್ಲಿ ನಿಂತ್ಕೊಂಡು ಕಾಯ್ತೀರಾ? ಕಾಯೋದೇನೂ ಬೇಡ..."

"ಮತ್ತೆ?"

"ಜೊತೇಲೇ ಬನ್ರೀ."