ಮೈದಾನ ಅಳೆಯಲು ಬಂದವನು

"ಏಯ್! ಅಲ್ಲೇ ನಿಂತ್ಕೊಳ್ರೀ! ಇನ್ನೊಂದು ಹೆಜ್ಜೆ ಇಟ್ರೆ ನೋಡಿ ಮತ್ತೆ!"

ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ ಆತ. ಹೆಗಲ ಮೇಲೆ ಅಳತೆಯ ಸರಪಳಿ, ಕಂಕುಳಲ್ಲಿ ನಕ್ಷೆಯ ಸುರುಳಿ. ಎದುರಿಗೆ ಗೋಣಿತಾಟು ಹಿಡಿದ ಉಮಾಮಹೇಶ್ವರಿ, ಕೋಪದಿಂದ ಕೆಂಪಾಗಿದ್ದಳು.

"ಈಗ ತಾನೇ ಮರಳು ಎಳೆದಿದೀನಿ. ಕಣ್ಣು ಕಾಣ್ಸಲ್ವಾ ನಿಮ್ಗೆ?"

ಅದು ಎಪ್ಪತ್ತೆಂಟನೇ ಇಸವಿ. ತುಮಕೂರಿನ ಅಂಚಿನ ಆ ಸರ್ಕಾರಿ ಗಾಲ್ಫ್ ಮೈದಾನದಲ್ಲಿ ಹುಲ್ಲು ಬೆಳೆಸುವಷ್ಟು ನೀರಿರಲಿಲ್ಲ. ಚೆಂಡು ಬೀಳುವ ಪ್ರತಿ ಗುಳಿಯ ಸುತ್ತ ಎಣ್ಣೆ ಬೆರೆಸಿದ ಮರಳು. ಯಾರು ತುಳಿದರೂ ಗೋಣಿತಾಟು ಎಳೆದು ಮತ್ತೆ ಸಮ ಮಾಡಬೇಕು. ಅಪ್ಪ ತೀರಿಕೊಂಡ ಮೇಲೆ ಆ ಮಾಲಿ ಕೆಲಸವೂ, ಮೈದಾನದ ಮೂಲೆಯ ಒಂದೂವರೆ ಕೋಣೆಯ ಮನೆಯೂ ಉಮಾಳ ಪಾಲಿಗೆ ಬಂದಿದ್ದವು.

ಹತ್ತು ವರ್ಷ ಎಳೆದಳು, ಪಾಪ! ಈಗ ಆಡಲು ಬರುವವರು ಇಬ್ಬರೇ ಮುದುಕರು, ಅದೂ ಭಾನುವಾರ. ಯಾರಿಗೋಸ್ಕರ ಸೊಂಟ ಮುರ್ಕೊತಿದೀನಿ ನಾನು? ಎಂದು ದಿನಾ ಅಂದುಕೊಳ್ಳುತ್ತಲೇ ಎಳೆಯುತ್ತಿದ್ದಳು.

"ನಾನು ಕರಿಸಿದ್ದಪ್ಪ, ಸರ್ವೇಯರ್ರು," ಎಂದ ಆತ, ಮೆಲ್ಲಗೆ ಕಾಲು ಹಿಂದಕ್ಕಿಡುತ್ತಾ. "ಮೈದಾನ ಮುಚ್ಚಿ ಸೈಟು ಮಾಡ್ಬೇಕಾ, ಹಿಂಗೇ ಬಿಡ್ಬೇಕಾ ಅಂತ ಸಮಿತಿ ಮೀಟಿಂಗ್ ಮಾಡುತ್ತಂತೆ. ಅದಕ್ಕೇ ಅಳತೆ..."

"ಸೈಟಾ? ಮತ್ತೆ ನಮ್ಮನೆ?"

ಕರಿಸಿದ್ದಪ್ಪ ಸರಪಳಿ ಬಿಚ್ಚತೊಡಗಿದ. ಸಂಜೆಯೊಳಗೆ ಮೈದಾನದ ತುಂಬ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟು ಹೋದ. ಒಂದು ಕಲ್ಲು ಸರಿಯಾಗಿ ಅವಳ ಹೊಸ್ತಿಲ ಮುಂದೆಯೇ!

ಉಮಾ ಅಷ್ಟನ್ನೂ ಕಿತ್ತು ಕತ್ತಾಳೆ ಬೇಲಿಗೆ ಎಸೆದಳು. ಕಲ್ಲಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಮೀಟಿಂಗಿಲ್ಲ. ಅಷ್ಟು ಲೆಕ್ಕ ಅವಳಿಗೂ ಗೊತ್ತಿತ್ತು.

ಮುಂದಿನ ವಾರ ಅವನು ಬಂದ. ನೋಡಿದ. ಮತ್ತೆ ನೆಟ್ಟ. ಅವಳು ಮತ್ತೆ ಕಿತ್ತಳು. ಹೀಗೇ ನಾಲ್ಕು ವಾರ!

ಬಂದಾಗಲೆಲ್ಲ ನೀರು ಕೇಳುತ್ತಿದ್ದ. ನೀರು ಮಜ್ಜಿಗೆಯಾಯಿತು. ಮಜ್ಜಿಗೆ ಕುಡಿಯುತ್ತಾ ಒಮ್ಮೆ, "ನಿಮಗೆ ರಜಾನೇ ಇಲ್ವಾ ಉಮಾ ಅವ್ರೇ?" ಎಂದು ಕೇಳಿದ. ಹತ್ತು ವರ್ಷದಲ್ಲಿ ಆ ಮಾತು ಕೇಳಿದವನು ಅವನೊಬ್ಬನೇ. ಅವಳು ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಥೂ, ಮನೆ ಕೀಳೋಕೆ ಬಂದವನ ಮೇಲೆ ಮನಸ್ಸಾ?

ಐದನೇ ವಾರ ಬಂದದ್ದು ಅವನಲ್ಲ, ಮೆಮೊ. ಕಲ್ಲು ಕಿತ್ತದ್ದಕ್ಕೆ ನಿಮ್ಮ ವಿವರಣೆ ಏನು?

"ಮಜ್ಜಿಗೆ ಕುಡಿದೂ ಕುಡಿದೂ ಚಾಡಿ ಹೇಳ್ಬುಟ್ನಲ್ಲಮ್ಮಾ!" ಎಂದು ಅಳುತ್ತಾ ಕುಸಿದಳು ಉಮಾ.

"ಕಿತ್ತಿದ್ದು ನೀನೇ ತಾನೇ?" ಎಂದರು ತಾಯಿ ಬಸವಲಿಂಗಮ್ಮ, ಸೊಪ್ಪು ಬಿಡಿಸುತ್ತಾ. "ಹೋಗಿ ನಿಜ ಹೇಳ್ಬುಡು."

ವಿವರಣೆ ಕೊಡಲು ಕಚೇರಿಗೆ ಹೋದ ದಿನವೇ, ಕಲ್ಲಿಲ್ಲದಿದ್ದರೂ ಹಳೆಯ ನಕ್ಷೆ ನೋಡಿಯೇ, ಸಮಿತಿಯ ಮೀಟಿಂಗು ಮುಗಿದಿತ್ತು. ಎಲ್ಲರೂ ಕೈ ಎತ್ತಿದ್ದರು. ಸೈಟೇ ಖಾಯಂ. ಅವಳಿಗೆ ಊರಿನ ಪಾರ್ಕಿನಲ್ಲಿ ಕೆಲಸ, ಮನೆ ಇಲ್ಲ. ತಿಂಗಳೊಳಗೆ ಖಾಲಿ ಮಾಡಬೇಕು.

ಆಶ್ಚರ್ಯವೆಂದರೆ ಅವಳಿಗೆ ಅಳು ಬರಲಿಲ್ಲ. ಅಬ್ಬಾ, ನಾಳೆಯಿಂದ ಮರಳು ಎಳೆಯೋ ಹಾಗಿಲ್ಲ... ಎಂದಷ್ಟೇ ಅನಿಸಿತು.

"ಮೆಮೊ ವಾಪಸ್ ಕೊಡಮ್ಮ," ಎಂದ ಅಟೆಂಡರ್ ಬಾಬಾ ಜಾನ್. "ಅದು ಕ್ಯಾನ್ಸಲ್ಲು. ಚಾಡಿ ಹೇಳಿದ್ದು ಆ ಗಾಲ್ಫ್ ಮುದುಕ್ರಲ್ಲೊಬ್ರು. ಕರಿಸಿದ್ದಪ್ಪ ಸಾಹೇಬ್ರು, ಯಾರೂ ಕಿತ್ತಿಲ್ಲ, ನಾನೇ ತಪ್ಪು ಜಾಗದಲ್ಲಿ ನೆಟ್ಟು ತೆಗೆಸ್ತಿದ್ದೆ ಅಂತ ಬರ್ಕೊಟ್ರು. ಅದಕ್ಕೇ ಕುಣಿಗಲ್‌ಗೆ ಟ್ರಾನ್ಸ್‌ಫರ್ರು."

ಉಮಾ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಆಮೇಲೆ ಎದ್ದವಳೇ ಕುಣಿಗಲ್ ಬಸ್ಸು ಹತ್ತಿದಳು.

ಕುಣಿಗಲ್ ಕೆರೆ ಏರಿಯ ಮೇಲೆ ಸರಪಳಿ ಎಳೆಯುತ್ತಿದ್ದ ಕರಿಸಿದ್ದಪ್ಪ ಅವಳನ್ನು ಕಂಡು ಗಾಬರಿಯಾದ.

"ಯಾಕ್ರೀ ಹೇಳ್ಲಿಲ್ಲ ನಂಗೆ?" ಎಂದಳು, ಏದುಸಿರು ಬಿಡುತ್ತಾ.

"ಹೇಳಿದ್ರೆ ಥ್ಯಾಂಕ್ಸ್ ಅಂತಿದ್ರಿ. ನಂಗೆ ಬೇಕಾಗಿದ್ದು ಅದಲ್ಲ."

"ಮತ್ತೇನು?"

ಅವನು ಕೆರೆಯ ಕಡೆ ನೋಡಿದ. "ನಾಲ್ಕು ವಾರ ಒಂದೇ ಜಾಗ ಅಳೀತಾನಲ್ಲ, ಇವನಿಗೆ ಬೇರೆ ಕೆಲಸ ಇಲ್ವಾ ಅಂತ ಒಂದ್ಸಲನಾದ್ರೂ ಅನ್ನಿಸ್ಲಿಲ್ವಾ ನಿಮ್ಗೆ?"

ಉಮಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಅವನೂ ತುಸು ದೂರ ಬಿಟ್ಟು ಕುಳಿತ.

"ತುಂಬಾ ಸುಸ್ತಾಗಿದೆ ಕಣ್ರೀ ನಂಗೆ."

"ಗೊತ್ತು. ನಾಳೆ ನಿಮ್ಮಮ್ಮನ್ನ ಕೇಳೋಕೆ ಬರ್ಲಾ?"

"ನಾಳೆ ಸಾಮಾನು ಕಟ್ಬೇಕು."

"ಕಟ್ಕೊಂಡು ಎಲ್ಲಿಗೆ ಹೋಗ್ತೀರಿ?"

"ಅದನ್ನ ಕೇಳೋಕೇ ಬಂದಿದ್ದು..." ಎಂದಳು ತಲೆ ತಗ್ಗಿಸಿ.

ಅವನು ಸರಪಳಿ ಸುತ್ತಿ ಪಕ್ಕಕ್ಕಿಟ್ಟ. "ನಂದು ಬಾಡಿಗೆ ಮನೆ. ಸೂರು ಬೇರೆ ಸೋರುತ್ತೆ. ಅಮ್ಮನ್ನೂ ಕರ್ಕೊಂಡ್ ಬಾ ಉಮಾ."

"ಸೋರ್ಲಿ ಬಿಡಿ. ಖಾಲಿ ಮಾಡು ಅಂತ ಯಾರೂ ಹೇಳ್ಬಾರ್ದು, ಅಷ್ಟೇ."

"ಓನರ್ರು ಹೇಳ್ಬೋದು," ಎಂದ ಕರಿಸಿದ್ದಪ್ಪ, ಅವಳ ಪಕ್ಕಕ್ಕೆ ಸರಿಯುತ್ತಾ. "ನಾನಂತೂ ಯಾವತ್ತೂ ಹೇಳಲ್ಲ ಕಣೇ."